ಹೊರಟವರನ್ನು ಕೇಳಬಾರದ ಪ್ರಶ್ನೆ

ಮೊನ್ನೆ ನನ್ನ ಅಂಗಡಿಗೆ ವೈಯಾಲಿಕಾವಲಿನಿಂದ ಒಬ್ಬ ಹುಡುಗಿ ಬಂದಿದ್ದಳು. ಡಾಕ್ಟರೇಟಿಗೆ ಬರೆದ ಮಹಾಪ್ರಬಂಧದ ಐದು ಪ್ರತಿ, ಕಪ್ಪು ರೆಕ್ಸಿನ್ನು, ಬೆನ್ನಿನ ಮೇಲೆ ಚಿನ್ನದ ಅಕ್ಷರ. ನಾನು ರಟ್ಟಿಗೆ ಅಳತೆ ಹಾಕುತ್ತಿದ್ದೆ. ಅವಳು ಸುಮ್ಮನೆ ನಿಂತಿರಲಾರದೆ, ಮಾದರಿಗೆಂದು ಹಲಗೆಯ ಮೇಲಿಟ್ಟ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡುತ್ತಾ, ಅಂಗೈಯಗಲದ ಕೆಂಪು ಪುಸ್ತಕವೊಂದನ್ನು ಕೈಗೆತ್ತಿಕೊಂಡಳು.

"ಅಂಕಲ್, ಎಷ್ಟು ಮುದ್ದಾಗಿದೆ! ಒಳಗೆ ಏನೋ ಎಲೆ ಇದ್ಯಲ್ಲ, ಬುಕ್‌ಮಾರ್ಕಾ?"

"ಹೂಂನಮ್ಮ" ಅಂದೆ.

ಸುಳ್ಳು. ಅವಳು ಹೋದ ಮೇಲೆ ನೋಡಿದರೆ ರಟ್ಟು ಒಂದು ಬೆರಳಿನಷ್ಟು ಚಿಕ್ಕದಾಗಿ ಕತ್ತರಿಸಿಹೋಗಿತ್ತು. ಆ ಎಲೆಯನ್ನು ಯಾರಾದರೂ ಮುಟ್ಟಿದರೆ ನನಗೆ ಇವತ್ತಿಗೂ ಅಳತೆ ತಪ್ಪುತ್ತದೆ.

ಆ ಪುಸ್ತಕದ ಲೇಖಕ, ಪ್ರಕಾಶಕ, ಬೈಂಡರ್ ಮೂವರೂ ನಾನೇ. ಹೆಸರು ‘ಬಯಲು ಬಿಡಾರ: ಸುರಕ್ಷತೆ ಮತ್ತು ಮುನ್ನೆಚ್ಚರಿಕೆ’. ಹದಿನಾರು ಪುಟ. ನನ್ನ ಮಗಳು ನಂದಿನಿ ಶಾಲೆಯೊಂದರಲ್ಲಿ ಆಟದ ಮೇಡಂ. ಕಳೆದ ವರ್ಷ ಒಂದು ದಿನ "ಅಪ್ಪ, ಸೋಮವಾರ ಮಂಗಳವಾರ ಎರಡೂ ರಜೆ. ಎಲ್ರೂ ಹೋಗಿ ಟೆಂಟ್ ಹಾಕೋಣ" ಅಂದಳು. ಚಾಮರಾಜಪೇಟೆಯಲ್ಲಿ ಹುಟ್ಟಿ ಚಾಮರಾಜಪೇಟೆಯಲ್ಲೇ ನರೆತವನು ನಾನು. ಬಯಲಲ್ಲಿ ಮಲಗಿದ್ದೆಂದರೆ ಬೇಸಿಗೆಯಲ್ಲಿ ನಮ್ಮ ತಾರಸಿಯ ಮೇಲೆ ಮಾತ್ರ. ಅಲ್ಲೂ ನನಗೆ ಗೋಡೆ ಪಕ್ಕದ ಜಾಗವೇ ಬೇಕು. ಬೇಡ ಅನ್ನುವ ಧೈರ್ಯವಿರಲಿಲ್ಲ, ಹೂಂ ಅನ್ನುವ ಧೈರ್ಯವೂ ಇರಲಿಲ್ಲ. ಹೆದರಿದ ಮನುಷ್ಯ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಾನೆ. ನಾನು ಬೈಂಡ್ ಮಾಡಿದೆ.

ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ, ಕನ್ನಡದಲ್ಲಿ ಬರೆದು, ಟೈಪ್ ಮಾಡಿಸಿ, ಎರಡು ದಾರದ ಹೊಲಿಗೆ ಹಾಕಿದೆ. ಮೈದಾ ಅಂಟಿಗೆ ಇರುವೆ ಬರದಿರಲೆಂದು ಅಪ್ಪ ಹಾಕುತ್ತಿದ್ದ ಹಾಗೆಯೇ ಒಂದು ಚಿಟಿಕೆ ಮೈಲುತುತ್ತ ಹಾಕಿದೆ. ಮಳೆ ಬಂದರೆ, ಹಾವು ಕಂಡರೆ, ಬೆಂಕಿ ಹತ್ತಿದರೆ ಏನು ಮಾಡಬೇಕು ಎನ್ನುವುದಕ್ಕೆಲ್ಲ ಒಂದೊಂದು ಪುಟ. ಮೊದಲನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಮೊದಲನೇ ನಿಯಮ: ‘ಬಿಡಾರ ಬಿಟ್ಟು ಹೊರಡುವಾಗ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಒಬ್ಬರಿಗಾದರೂ ಹೇಳಿ ಹೋಗತಕ್ಕದ್ದು.’ ‘ತಕ್ಕದ್ದು’ ಎಂದು ಬರೆದಾಗ ನನಗೇ ಒಂದು ಗಾಂಭೀರ್ಯ ಬಂದಂತಾಯಿತು.

ಹೆಂಡತಿ ಗಿರಿಜಾ ಪುಸ್ತಕವನ್ನು ತಿರುಗಿಸಿ ನೋಡಿ, "ರೀ, ಇದನ್ನ ಬರೆಯೋ ಹೊತ್ತಲ್ಲಿ ಎರಡು ಹೊದಿಕೆ ಒಗೆದು ಹಾಕಿದ್ರೆ ಉಪಯೋಗ ಆಗೋದು" ಅಂದಳು.

ನಾನು ಕೇಳಿಸಿಕೊಳ್ಳಲಿಲ್ಲ. ಎಲ್ಲರಿಗೂ ಒಂದೊಂದು ಕಿತ್ತಳೆ ಬಣ್ಣದ ಸೀಟಿ ತಂದೆ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬ್ಯಾಂಡೇಜು, ಮುಲಾಮು, ಗ್ಲೂಕೋಸು, ಟಾರ್ಚು ತುಂಬಿಸಿದೆ. ಆಮೇಲೆ ತ್ಯಾಗರಾಜನಗರಕ್ಕೆ ಫೋನ್ ಮಾಡಿ ನನ್ನ ಅಕ್ಕನನ್ನೂ ಹೊರಡಿಸಿದೆ.

ನೀಲಕ್ಕ ನನಗಿಂತ ಐದು ವರ್ಷ ದೊಡ್ಡವಳು. ಮೇಷ್ಟರ ಕೆಲಸದಿಂದ ನಿವೃತ್ತಳಾಗಿ ಮಗ ಸೊಸೆಯ ಜೊತೆ ಇದ್ದಾಳೆ. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ದಿನಕ್ಕೆರಡು ಹೊತ್ತು ಪೂಜೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿ ನೋವು. ಕೋಪ ಬಂದರೆ ಮಾತು ಬಿಡುವುದಿಲ್ಲ, ‘ನೀವು’ ಅನ್ನಲು ಶುರು ಮಾಡುತ್ತಾಳೆ. ಅದು ಬೈಗುಳಕ್ಕಿಂತ ಹೆಚ್ಚು ತಾಗುತ್ತದೆ.

ಇಲ್ಲೊಂದು ಅಡ್ಡ ಮಾತು ಹೇಳಲೇಬೇಕು. ನಿಮ್ಮ ಮನೆಯಲ್ಲೂ ಇದ್ದೀತು. ಹೊರಟು ನಿಂತವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ತೀರಾ ತಿಳಿಯಲೇಬೇಕಿದ್ದರೆ ‘ದೂರಾನಾ?’ ಅನ್ನಬೇಕು. ಅದಕ್ಕೆ ಉತ್ತರ ‘ಇಲ್ಲೇ’. ಈ ‘ಇಲ್ಲೇ’ ಎದುರುಮನೆಯೂ ಆಗಬಹುದು, ಕಾಶಿಯೂ ಆಗಬಹುದು. ಯಾರಾದರೂ ಬಾಯಿತಪ್ಪಿ ಕೇಳಿಯೇಬಿಟ್ಟರೆ, ಹೊರಟವರು ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು, ಐದು ನಿಮಿಷ ತಡೆದು ಮತ್ತೆ ಹೊರಡಬೇಕು.

ಬೇರೆಯವರ ಮನೆಯಲ್ಲಿ ಇದು ಬರೀ ಪದ್ಧತಿ. ನಮ್ಮ ಮನೆಯಲ್ಲಿ ಅದರ ಹಿಂದೆ ಒಂದು ಮಧ್ಯಾಹ್ನ ಇದೆ. ನನಗಾಗ ಒಂಬತ್ತು, ನೀಲಕ್ಕನಿಗೆ ಹದಿನಾಲ್ಕು. ಅಪ್ಪ ಊಟ ಮಾಡಿ, ರಟ್ಟಿಗೆ ಅಂಟಿಸುವ ಕ್ಯಾಲಿಕೋ ಬಟ್ಟೆ ತರಲು ಪೇಟೆಗೆ ಹೊರಟಿದ್ದರು. ನೀಲಕ್ಕ ಜಡೆ ಹಾಕಿಕೊಳ್ಳುತ್ತಾ ಒಳಗಿನಿಂದಲೇ "ಎಲ್ಲಿಗಪ್ಪಾ?" ಎಂದು ಕೂಗಿದಳು. ಅಮ್ಮ ಗದರಿದರು. ಅಪ್ಪ ನಕ್ಕು, ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ನೀರು ಕುಡಿದರು. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳಿಗೆ ಅಂಟಿದ್ದ ಒಣ ಅಂಟನ್ನು ಸುಲಿದು ತೋರಿಸಿದರು. ಆಮೇಲೆ ಹೋದರು. ಪೇಟೆಯ ಬೀದಿಯಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಸಂಜೆ ಅವರನ್ನು ಮನೆಗೆ ತಂದಾಗ, ತುಂಬಿದ ಜನರ ನಡುವೆ ಯಾರೋ ನೆಂಟರ ಹೆಂಗಸು "ಹೊರಟಾಗ ಮಗಳು ಕೇಳಿದ್ಲಂತಲ್ಲ" ಅಂದದ್ದು ನನಗೂ ಕೇಳಿಸಿತು. ನೀಲಕ್ಕನಿಗೂ ಕೇಳಿಸಿತು.

ಅಂದಿನಿಂದ ನೀಲಕ್ಕ ಹೊರಟ ಯಾರನ್ನೂ ಆ ಪ್ರಶ್ನೆ ಕೇಳಿಲ್ಲ. ನಾವ್ಯಾರೂ ಅವಳ ಮುಂದೆ ಆ ಮಾತು ಆಡಿಲ್ಲ. ನಲವತ್ತೆಂಟು ವರ್ಷ.

ಇರಲಿ, ಬಿಡಾರಕ್ಕೆ ಬರೋಣ. ಸೋಮವಾರ ಬೆಳಗ್ಗೆ ನಾವು ನಾಲ್ವರು ಕಾರಿನಲ್ಲಿ ಕನಕಪುರದ ಕಡೆ ಹೊರಟೆವು. ಒಂದು ಕೆರೆ, ಅದರ ಹಿಂದೆ ಬೋಳು ಬಂಡೆಯ ಗುಡ್ಡ, ಗುಡ್ಡದ ಬುಡದಲ್ಲಿ ಟೆಂಟು ಹಾಕಲು ಸಮ ಮಾಡಿದ ಜಾಗ. ಅದನ್ನು ನೋಡಿಕೊಳ್ಳುವ ಮುನಿಯಪ್ಪನೆಂಬ ವಯಸ್ಸಾದವನು ಒಬ್ಬನೇ ಅಲ್ಲಿದ್ದ. ದಾರಿಯುದ್ದಕ್ಕೂ ನಾನು ಪುಸ್ತಕವನ್ನು ಜೋರಾಗಿ ಓದಿ ಹೇಳಿದೆ. ನೀಲಕ್ಕ ಕಿಟಕಿಯಾಚೆ ಏನನ್ನೋ ತೋರಿಸಿ ಹೇಳಲು ಎರಡು ಸಲ ಬಾಯಿ ತೆರೆದಳು. "ಇರಕ್ಕ, ಹಾವಿನ ಪುಟ ಮುಗೀಲಿ" ಅಂದೆ.

ಒಂದೂವರೆಗೆ ಊಟ. ಗಿರಿಜಾ ಕಟ್ಟಿಕೊಂಡು ಬಂದಿದ್ದ ವಾಂಗಿಬಾತು, ಮೊಸರನ್ನ. ಪುಸ್ತಕದ ಹನ್ನೊಂದನೇ ಪುಟದಲ್ಲಿ ‘ದಿನನಿತ್ಯದ ಮಾತ್ರೆಗಳನ್ನು ಯಾವ ಕಾರಣಕ್ಕೂ ತಪ್ಪಿಸತಕ್ಕದ್ದಲ್ಲ’ ಎಂದು ಬರೆದಿದ್ದೆ. ಆದ್ದರಿಂದ ನೀರಿನ ಬಾಟಲಿ ಹಿಡಿದು ನೀಲಕ್ಕನ ಮುಂದೆ ನಿಂತೆ.

"ಅಕ್ಕ, ಮಾತ್ರೆ?"

"ಆಮೇಲೆ ತಗೋತೀನಿ ಕಣೋ."

"ಆಮೇಲೆ ಇಲ್ಲ. ಈಗ್ಲೇ. ರೂಲ್ ಅಂದ್ರೆ ರೂಲ್."

ಅವಳು ನನ್ನ ಮುಖವನ್ನು ಒಂದು ಸಲ ನೋಡಿ ಮಾತ್ರೆ ನುಂಗಿದಳು. ತಟ್ಟೆ ಹಿಡಿದುಕೊಂಡು ಮರದ ಹಿಂದೆ ನೆರಳಿಗೆ ಹೋದಳು. ನನಗೆ ಒಳ್ಳೆಯ ತಮ್ಮ ಅನ್ನಿಸಿಕೊಂಡ ಸಂತೋಷ.

ಮೂರೂವರೆಗೆ ನೀಲಕ್ಕ ಚಪ್ಪಲಿ ಮೆಟ್ಟಿ, ಪೂಜೆಯ ಬಟ್ಟೆ ಚೀಲ ಹೆಗಲಿಗೆ ಹಾಕಿ ಹೊರಟಳು. ನಾನು ಟೆಂಟಿನ ಹಗ್ಗ ಬಿಗಿಯುತ್ತಿದ್ದೆ. ತಲೆಯೆತ್ತಿ ನೋಡಿದೆ. ‘ಎಲ್ಲಿಗೆ’ ಅನ್ನುವುದು ನಾಲಿಗೆಯ ತುದಿಗೆ ಬಂತು, ನಿಜ ಹೇಳುತ್ತೇನೆ. ಆದರೆ ಪ್ರಪಂಚದಲ್ಲಿ ಯಾರನ್ನು ಬೇಕಾದರೂ ಕೇಳಿಯೇನು, ಅವಳನ್ನು ಹೇಗೆ ಕೇಳಲಿ?

"ದೂರಾನಾ ಅಕ್ಕಾ?"

"ಇಲ್ಲೇ ಕಣೋ."

ಮತ್ತೆ ಹಗ್ಗ ಬಿಗಿಯತೊಡಗಿದೆ.

ಐದು ಗಂಟೆಗೆ ಮುನಿಯಪ್ಪ ಟೀ ತಂದಾಗ ನಾಲ್ಕು ಲೋಟದಲ್ಲಿ ಒಂದು ಹಾಗೇ ಉಳಿಯಿತು.

"ಅತ್ತಿಗೆ ಎಲ್ರೀ?" ಗಿರಿಜಾ ಕೇಳಿದಳು.

"ಇಲ್ಲೇ ಅಂದ್ಲು."

"ಇಲ್ಲೇ ಅಂದ್ರೆ ಎಲ್ಲಿ?"

ನಂದಿನಿ ಫೋನ್ ಮಾಡಿದಳು. ಟೆಂಟಿನೊಳಗೆ, ನೀಲಕ್ಕನ ದಿಂಬಿನ ಕೆಳಗೆ ರಿಂಗಾಯಿತು. ಗಿರಿಜಾ ಮರದ ಹಿಂದೆ ನೋಡಿ ಬರಲು ಹೋದವಳು ತಟ್ಟೆ ಹಿಡಿದು ವಾಪಸ್ಸು ಬಂದಳು. ವಾಂಗಿಬಾತು ಬಡಿಸಿದ ಹಾಗೇ ಇತ್ತು, ಮೇಲೊಂದು ಎಲೆ ಮುಚ್ಚಿತ್ತು.

"ರೀ, ಇವತ್ತು ಸೋಮವಾರ" ಅಂದಳು. ಅವಳ ದನಿ ಇಳಿದುಹೋಗಿತ್ತು. "ಅತ್ತಿಗೆ ಒಪ್ಪತ್ತು ಬಿಟ್ಟೇ ಇಲ್ಲ. ಸಂಜೆ ಪೂಜೆ ಆಗೋವರೆಗೂ ಏನೂ ತಿನ್ನಲ್ಲ. ಡಾಕ್ಟ್ರು ಬೇಡ ಅಂದಿದ್ದಾರೆ ಅಂತ ನಮ್ಮ ಹತ್ರ ಮುಚ್ಚಿಟ್ಟಿದ್ದಾರೆ."

ಬೆಳಗ್ಗೆಯಿಂದ ಖಾಲಿ ಹೊಟ್ಟೆ, ಅದರ ಮೇಲೆ ನಾನೇ ಎದುರಿಗೆ ನಿಂತು ನುಂಗಿಸಿದ ಮಾತ್ರೆ. ಸಕ್ಕರೆ ಇಳಿದರೆ ಮೊದಲು ನಡುಕ, ಬೆವರು, ಆಮೇಲೆ ಮಂಕು, ಆಮೇಲೆ ಪ್ರಜ್ಞೆ ತಪ್ಪುವುದು. ಹದಿಮೂರನೇ ಪುಟದಲ್ಲಿ ನಾನೇ ಬರೆದಿದ್ದೆ.

"ಅಮ್ಮಾವ್ರು ಬಂಡೆ ಕಡೀಕೇನಾದ್ರೂ ಓದ್ರಾ ಸಾಮಿ?" ಮುನಿಯಪ್ಪ ಆಕಾಶ ನೋಡಿದ. "ಇನ್ನೊಂದು ಗಂಟೆ ಬೆಳಕೈತೆ. ಆಮ್ಯಾಕೆ ಅಲ್ಲಿ ಕಾಲು ನಿಲ್ಲಾಕಿಲ್ಲ."

ನಾನು ‘ಯಾರಾದರೂ ಕಾಣೆಯಾದರೆ’ ಎಂಬ ಪುಟ ಹುಡುಕುತ್ತಾ ನಿಂತೆ. ಕನ್ನಡಕ ಎಲ್ಲಿಟ್ಟಿದ್ದೆನೋ, ಅಕ್ಷರವೆಲ್ಲ ಮಂಜು. ನಂದಿನಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

"ಅಪ್ಪ, ಓದೋದು ಬಿಡು. ಯೋಚನೆ ಮಾಡು. ಅತ್ತೆ ಪೂಜೆ ಚೀಲ ಯಾಕೆ ತಗೊಂಡು ಹೋದ್ರು?"

ಸೋಮವಾರ. ಪೂಜೆ. ಚೀಲ. ಆಗ ಹೊಳೆಯಿತು, ಪತ್ರೆ! ದಾರಿಯಲ್ಲಿ ಅವಳು ಕಿಟಕಿಯಾಚೆ ತೋರಿಸಲು ಹೊರಟಿದ್ದು ಬಿಲ್ವದ ಮರವನ್ನೇ ಇರಬೇಕು, ನಾನು ಹಾವಿನ ಪುಟ ಓದುತ್ತಿದ್ದೆ.

"ಮುನಿಯಪ್ಪ, ಇಲ್ಲೆಲ್ಲಾದ್ರೂ ಬಿಲ್ವಪತ್ರೆ ಮರ ಇದ್ಯಾ?"

"ಎಲ್ಡೈತೆ ಸಾಮಿ. ಒಂದು ಕೆರೆ ಏರಿ ಮ್ಯಾಲೆ, ರಸ್ತೆ ಪಕ್ಕ. ಇನ್ನೊಂದು ಬಂಡೆ ಆಚೆ ಹಾಳುಗುಡಿ ತಾವ."

ಮಂಡಿ ನೋವಿನ ಹೆಂಗಸು ಹತ್ತಿರದ್ದಕ್ಕೇ ಹೋಗಿರುತ್ತಾಳೆ ಎಂದು ಎಲ್ಲರಿಗೂ ಅನ್ನಿಸಿತು. ನಂದಿನಿ ಔಷಧಿ ಡಬ್ಬಿ ಎತ್ತಿಕೊಂಡು ಮುನಿಯಪ್ಪನ ಜೊತೆ ಏರಿಯ ಕಡೆ ಓಡಿದಳು. ನಾನು ಮಾತ್ರ ನಿಂತೆ. ಚಿಕ್ಕಂದಿನಲ್ಲಿ ಪತ್ರೆ ತರಲು ಅಮ್ಮ ನಮ್ಮಿಬ್ಬರನ್ನೂ ಕಳಿಸುತ್ತಿದ್ದರು. ನಮ್ಮ ಬೀದಿಯಲ್ಲೇ ಒಂದು ಕಾಂಪೌಂಡಿನಲ್ಲಿ ಮರವಿತ್ತು. ನೀಲಕ್ಕ ಅದನ್ನು ಬಿಟ್ಟು ಮೂರು ಬೀದಿ ಆಚೆಗೆ ಎಳೆದುಕೊಂಡು ಹೋಗುತ್ತಿದ್ದಳು. "ಇದರಲ್ಲಿ ಬರೀ ತೂತು ಎಲೆ. ಧೂಳು ಬೇರೆ. ದೇವರಿಗೆ ಅಂದ್ಮೇಲೆ ಮೂರು ದಳಾನೂ ಸರಿ ಇರ್ಬೇಕು." ನನ್ನ ಕಾಲು ನೋಯುತ್ತಿತ್ತು. ಅವಳ ಕಾಲೂ ನೋಯುತ್ತಿತ್ತು, ಆದರೆ ಒಂದು ದಿನವೂ ಹತ್ತಿರದ ಮರದಿಂದ ಕೀಳಲಿಲ್ಲ.

"ಗಿರಿಜಾ, ನೀನು ಇಲ್ಲೇ ಇರು, ಅಕ್ಕ ವಾಪಸ್ ಬಂದ್ರೆ ಯಾರಾದ್ರೂ ಇರ್ಬೇಕು. ನಾನು ಬಂಡೆ ಆಚೆ ಹಾಳುಗುಡಿಗೆ ಹೋಗ್ತಿದೀನಿ. ಆರು ಗಂಟೆಗೆ ಬರ್ದೇ ಇದ್ರೆ ಅಲ್ಲಿಗೇ ಜನ ಕಳ್ಸು."

ಎಲ್ಲಿಗೆ, ಎಷ್ಟು ಹೊತ್ತಿಗೆ. ನನ್ನ ನಿಯಮವನ್ನು ನಾನು ಪಾಲಿಸಿದ್ದು ಅದೇ ಮೊದಲು. ಒಂಟಿಯಾಗಿ ಹೋಗತಕ್ಕದ್ದಲ್ಲ ಎಂಬ ಎರಡನೆಯದನ್ನು ಆ ಕ್ಷಣವೇ ಮುರಿದೆ.

ಬಂಡೆಯ ಮೇಲೆ ಕೆಲವು ಕಡೆ ಕೂತುಕೊಂಡು ಜಾರಿದೆ. ಐವತ್ತೇಳರ ಬೈಂಡರ್ ಒಬ್ಬ ಬಿಳಿ ಪ್ಯಾಂಟಿನಲ್ಲಿ ಬಂಡೆ ಜಾರುವುದನ್ನು ನೀವು ನೋಡಿದ್ದರೆ ನಗುತ್ತಿದ್ದಿರಿ. ನನಗೆ ಅಳು ಬರುತ್ತಿತ್ತು. "ಅಕ್ಕಾ" ಎಂದು ಕೂಗಿದರೆ ನನ್ನ ದನಿಯೇ ತಿರುಗಿ ಬರುತ್ತಿತ್ತು. ಅರ್ಧ ದಾರಿಯಲ್ಲಿ ಕೈ ನೋಡಿಕೊಂಡೆ. ಗ್ಲೂಕೋಸಿನ ಡಬ್ಬಿ ನಂದಿನಿಯ ಹತ್ತಿರ. ನನ್ನ ಕೈಯಲ್ಲಿದ್ದದ್ದು ಪುಸ್ತಕ. ಅಲ್ಲೇ ಕೂತು ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಹಿಂದಿರುಗಲು ಹೊತ್ತಿರಲಿಲ್ಲ.

ಬಂಡೆ ಇಳಿದ ಮೇಲೆ ಗುಡಿ ಕಂಡಿತು, ಅದರ ಪಕ್ಕ ಮರ ಕಂಡಿತು. ಬುಡದಲ್ಲಿ ಗೋಡೆಗೆ ಒರಗಿ ನೀಲಕ್ಕ ಕೂತಿದ್ದಳು. ಒಂದು ಕಾಲಿನ ಚಪ್ಪಲಿ ಕಿತ್ತುಹೋಗಿತ್ತು. ಸೀರೆಯೆಲ್ಲ ಬೆವರಿನಲ್ಲಿ ಒದ್ದೆ, ಕೈ ಗಡಗಡ ನಡುಗುತ್ತಿತ್ತು. ನನ್ನನ್ನು ನೋಡಿದಳು, ಆದರೆ ಗುರುತು ಹಿಡಿದಂತೆ ಕಾಣಲಿಲ್ಲ.

"ಅಪ್ಪ ಬಂದ್ರಾ?" ಅಂದಳು.

ಅವಳೆದುರು ಮಂಡಿಯೂರಿದೆ.

"ಅಕ್ಕ, ನಾನು ಶಿವು."

"ನಾನು ಕೇಳ್ಬಾರದಾಗಿತ್ತು ಕಣೋ. ಅಪ್ಪನ್ನ ಕೇಳ್ಬಾರದಾಗಿತ್ತು."

ಹದಿನಾಲ್ಕು ವರ್ಷದ ಹುಡುಗಿಯ ದನಿ ಅದು. ಇಷ್ಟು ವರ್ಷ ಅದನ್ನು ಎಲ್ಲಿ ಬಚ್ಚಿಟ್ಟಿದ್ದಳೋ. ಆದರೆ ಅಳುತ್ತಾ ಕೂರುವ ಹೊತ್ತಲ್ಲ. ಅವಳ ಚೀಲ ತಡಕಾಡಿದೆ. ವಿಭೂತಿ, ಮುಚ್ಚಳ ಬಿಗಿದ ನೀರಿನ ಸಣ್ಣ ತಂಬಿಗೆ, ಒಂದು ಸ್ಟೀಲ್ ಭರಣಿ. ಮುಚ್ಚಳ ತೆಗೆದರೆ ಸಕ್ಕರೆ! ನೈವೇದ್ಯಕ್ಕೆಂದು ತಂದಿದ್ದ ಸಕ್ಕರೆ. ಪ್ರಾಣ ಉಳಿಸುವ ವಸ್ತುವನ್ನು ತೊಡೆಯ ಪಕ್ಕದಲ್ಲೇ ಇಟ್ಟುಕೊಂಡು ಅವಳು ನಡುಗುತ್ತಾ ಕೂತಿದ್ದಳು.

ಒಂದು ಹಿಡಿ ತೆಗೆದು ಬಾಯಿಯ ಹತ್ತಿರ ಹಿಡಿದೆ. ಅವಳು ತುಟಿ ಬಿಗಿದು ಮುಖ ತಿರುಗಿಸಿದಳು.

"ಪೂಜೆ ಆಗಿಲ್ಲ."

"ಅಕ್ಕ, ದಮ್ಮಯ್ಯ, ತಿನ್ನು. ಆಮೇಲೆ ಮಾಡ್ಕೊಳುವಂತೆ."

"ಪೂಜೆ ಆಗಿಲ್ಲ." ಹಲ್ಲು ಕಚ್ಚಿದ್ದಳು. ಬೇರೆಲ್ಲ ಮಸುಕಾಗಿ, ಅದೊಂದು ಮಾತ್ರ ಅವಳೊಳಗೆ ಗಟ್ಟಿಯಾಗಿ ನಿಂತಿತ್ತು.

ಬಲವಂತ ಮಾಡಿದರೆ ಗಂಟಲಿಗೆ ಸಿಕ್ಕೀತೆಂಬ ಭಯ. ಬೇಡಿಕೊಳ್ಳುತ್ತಾ ಕೂತರೆ ಪ್ರಜ್ಞೆಯೇ ಹೋದೀತೆಂಬ ಭಯ. ನನ್ನ ಹದಿನಾರು ಪುಟದಲ್ಲಿ ಇದಕ್ಕೊಂದು ಸಾಲಿರಲಿಲ್ಲ. ಅವಳ ಕರಡಿಗೆ ಬಿಚ್ಚಿ, ಲಿಂಗವನ್ನು ಅವಳ ಎಡ ಅಂಗೈಯ ಮೇಲಿಟ್ಟೆ. ಕೈ ನಡುಗಿ ಬೀಳುವಂತಾಯಿತು. ಆ ಕೈಯ ಕೆಳಗೆ ನನ್ನ ಅಂಗೈ ಕೊಟ್ಟೆ. ಸ್ನಾನ ಮುಗಿಸಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ ಪೂಜೆ ಮುಗಿಸುವ ನಾನು, ಅಷ್ಟು ಮನಸ್ಸಿಟ್ಟು ದೇವರನ್ನು ಹಿಡಿದದ್ದು ಅದೊಂದೇ ಸಲ. ತಂಬಿಗೆಯಿಂದ ಒಂದು ಹನಿ ನೀರು. ಅವಳ ಮಡಿಲಿನಲ್ಲಿ ಪತ್ರೆ ಬಿದ್ದಿತ್ತು. ತೂತಿಲ್ಲದ, ಮೂರು ದಳದ ಒಂದು ಎಲೆಯನ್ನು ಅವಳೇ ಹುಡುಕಿ, ಎರಡು ಸಲ ತಪ್ಪಿ, ಮೂರನೇ ಸಲ ಲಿಂಗದ ಮೇಲಿಟ್ಟಳು. ತುಟಿ ಅಲುಗಿತು. ಆಮೇಲೆ ನನ್ನ ಕಡೆ ತಿರುಗಿ, ತಾನಾಗಿಯೇ ಬಾಯಿ ತೆರೆದಳು.

ಚಿಟಿಕೆ ಚಿಟಿಕೆಯಾಗಿ ಭರಣಿಯ ಅರ್ಧ ಸಕ್ಕರೆ ತಿನ್ನಿಸಿದೆ. ಸ್ವಲ್ಪ ಸ್ವಲ್ಪ ನೀರು ಕುಡಿಸಿದೆ. ಹತ್ತು ಹದಿನೈದು ನಿಮಿಷವಾಗಿರಬೇಕು. ಅಷ್ಟು ದೊಡ್ಡ ಹದಿನೈದು ನಿಮಿಷವನ್ನು ನಾನು ಕಂಡಿಲ್ಲ. ನಿಧಾನಕ್ಕೆ ಬೆವರು ಆರಿತು, ಕಣ್ಣಿಗೆ ಕಳೆ ಬಂತು.

"ಏನೋ ಶಿವು, ಪ್ಯಾಂಟೆಲ್ಲ ಮಣ್ಣು ಮಾಡ್ಕೊಂಡಿದೀಯ" ಅಂದಳು.

ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ, ಹೇಳಿಕೊಳ್ಳುತ್ತೇನೆ. ಆಮೇಲೆ ಕೋಪ ಬಂತು. "ಸೀಟಿ ಕೊಟ್ಟಿದ್ನಲ್ಲಕ್ಕ! ಯಾಕೆ ಊದ್ಲಿಲ್ಲ?"

ಅವಳು ಸೆರಗಿನ ಗಂಟು ಬಿಚ್ಚಿ ಕಿತ್ತಳೆ ಸೀಟಿ ತೆಗೆದು ತೋರಿಸಿದಳು. "ಅಪಾಯ ಆದ್ರೆ ಮಾತ್ರ ಊದ್ಬೇಕು ಅಂತ ನೀನೇ ಓದಿದ್ಯಲ್ಲ. ಸ್ವಲ್ಪ ತಲೆ ಸುತ್ತಿದ್ದಕ್ಕೆಲ್ಲ ಊದ್ತಾರೇನೋ?"

ಅದನ್ನು ಕಿತ್ತುಕೊಂಡು ಮೂರು ಸಲ, ಮತ್ತೆ ಮೂರು ಸಲ ಊದಿದೆ. ಸ್ವಲ್ಪ ಹೊತ್ತಿನ ಮೇಲೆ ಬಂಡೆಯ ಆ ಕಡೆಯಿಂದ ನಂದಿನಿಯ ಸೀಟಿ ಉತ್ತರ ಕೊಟ್ಟಿತು. ಅವರು ಬರುವ ತನಕ ಇಬ್ಬರೂ ಗೋಡೆಗೆ ಒರಗಿ ಕೂತೆವು. ತಾನೇನು ಅಂದೆ ಎಂಬುದು ಅವಳಿಗೆ ನೆನಪಿರಲಿಲ್ಲ. ಆದರೆ ನಾನು ಕೇಳಿಸಿಕೊಂಡಾಗಿತ್ತು.

"ಅಕ್ಕ, ಅವತ್ತು ಅಪ್ಪ ಹೊರಟಾಗ ನೀನು ಕೇಳಿದ್ಯಲ್ಲ."

ಅವಳು ಗೋಡೆಯಿಂದ ಬೆನ್ನೆತ್ತಿದಳು. "ಆ ಮಾತು ಈಗ್ಯಾಕೆ?"

"ನೀನು ಕೇಳ್ದೇ ಇದ್ದಿದ್ರೆ ಅಪ್ಪ ಹಾಗೇ ಹೋಗ್ಬಿಡ್ತಿದ್ರು. ಕೇಳಿದ್ದಕ್ಕೇ ಒಳಗೆ ಬಂದು ಐದು ನಿಮಿಷ ಕೂತ್ರು. ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡ್ರು. ಅಪ್ಪ ಅಂದ್ರೆ ನನಗೆ ಮೊದಲು ನೆನಪಾಗೋದೇ ಆ ಐದು ನಿಮಿಷ. ಅದು ನೀನು ಕೊಟ್ಟಿದ್ದು."

ಅವಳು ಮಡಿಲಲ್ಲಿದ್ದ ಪತ್ರೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. ಲಿಂಗದ ಮೇಲಿದ್ದ ಎಲೆಯನ್ನು ಮಾತ್ರ ನನ್ನ ಪುಸ್ತಕ ತೆರೆದು, ಮೊದಲನೇ ಪುಟದಲ್ಲಿಟ್ಟು ಮುಚ್ಚಿದಳು.

ಟೆಂಟಿನಲ್ಲಿ ಮಲಗುವ ಯೋಗ ನಮಗಿರಲಿಲ್ಲ. ಅವಳನ್ನು ಹೊತ್ತು ತಂದು ನೇರವಾಗಿ ಆಸ್ಪತ್ರೆಗೆ ಹೋದೆವು. ಒಂದು ದಿನ ಇಟ್ಟುಕೊಂಡು, ಬೈದು, ಕಳಿಸಿದರು. ಈಗ ಸೋಮವಾರ ಬೆಳಗ್ಗೆಯೇ ಪೂಜೆ ಮುಗಿಸಿ ಹೊಟ್ಟೆ ತುಂಬ ತಿನ್ನುತ್ತಾಳೆ. ದೇವರ ಜೊತೆ ಏನು ಒಪ್ಪಂದ ಮಾಡಿಕೊಂಡಳೋ, ನಾನು ಕೇಳಿಲ್ಲ. ನನ್ನ ಪುಸ್ತಕದ ಎರಡನೇ ಮುದ್ರಣ ಆಗಲೇ ಇಲ್ಲ.

ಹೋದ ಭಾನುವಾರ ನೀಲಕ್ಕ ನಮ್ಮ ಮನೆಗೆ ಬಂದಿದ್ದಳು. ಅಡುಗೆಮನೆಯಲ್ಲಿ ಗಿರಿಜಾಳ ಜೊತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಕ್ಯಾಲಿಕೋ ತರಲು ಪೇಟೆಗೆ ಹೊರಟೆ. ಸ್ಕೂಟರಿನ ಕೀ ತೆಗೆದುಕೊಂಡೆ, ಚಪ್ಪಲಿ ಮೆಟ್ಟಿದೆ, ಹೊಸ್ತಿಲು ದಾಟಿದೆ. ಒಳಗೆ ಕಾಯಿ ಸುಲಿಯುವ ಸದ್ದು ನಿಂತಿತು.

"ಎಲ್ಲಿಗೋ?"

ಕೇಳಿದ್ದು ನೀಲಕ್ಕ. ಗಿರಿಜಾ ಗಾಬರಿಯಿಂದ ಬಾಗಿಲಿಗೆ ಬಂದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ನೀಲಕ್ಕನ ಪಕ್ಕ ನೆಲದ ಮೇಲೆ ಕೂತು, "ಪೇಟೆಗೆ ಅಕ್ಕ. ಒಂದು ಗಂಟೆಗೆಲ್ಲ ಬಂದ್ಬಿಡ್ತೀನಿ" ಅಂದೆ. ಅವಳೇ ಎದ್ದು ಒಂದು ಲೋಟ ನೀರು ತಂದುಕೊಟ್ಟಳು. ನಾನು ಐದು ನಿಮಿಷ ತೆಗೆದುಕೊಂಡು ಕುಡಿದೆ.